ನಾಟಕದ ಕ್ಲಾಸಿನಲ್ಲಿ ಮೊದಲ ಪಾಠ ಕೇಳಿಸಿಕೊಳ್ಳುವುದು

ಜೂನ್ ಬಂತೆಂದರೆ ಅಪ್ಪ ಅಮ್ಮಂದಿರು ಮಕ್ಕಳನ್ನು ಕರೆದುಕೊಂಡು ಬಂದು ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತಾರೆ. "ಮನೇಲಿ ಪಟಪಟ ಅಂತಾನೆ ಮೇಡಂ, ಹೊರಗೆ ಬಂದ್ರೆ ಬಾಯೇ ಬಿಡಲ್ಲ. ಸ್ಟೇಜ್ ಫಿಯರ್ ಒಂದು ಹೋದ್ರೆ ಸಾಕು." ಮಗ ಪಕ್ಕದಲ್ಲೇ ತಲೆ ತಗ್ಗಿಸಿ ನಿಂತಿರುತ್ತಾನೆ. ದಯವಿಟ್ಟು ಅವನ ಎದುರಿಗೆ ಹೀಗೆ ಹೇಳಬೇಡಿ. ಹದಿನಾಲ್ಕು ವರ್ಷದ ಹುಡುಗನಿಗೆ ಅದು ತುಂಬಾ ಚುಚ್ಚುತ್ತದೆ.

ನಾನು ಮೈಸೂರಿನಲ್ಲಿ ಹೈಸ್ಕೂಲು, ಪಿಯುಸಿ ಮಕ್ಕಳಿಗೆ ನಾಟಕ ಕಲಿಸುತ್ತೇನೆ. ಭಯ ಪೂರ್ತಿ ಹೋಗುತ್ತದೆ ಅಂತ ನಾನು ಯಾರಿಗೂ ಮಾತು ಕೊಡುವುದಿಲ್ಲ. ಎಷ್ಟೋ ವರ್ಷ ರಂಗದ ಮೇಲೆ ನಿಂತ ನನಗೇ ಹೋಗಿಲ್ಲ. ಆಗುವುದು ಇಷ್ಟು: ತನ್ನ ಮೇಲೇ ಇದ್ದ ಗಮನ ನಿಧಾನಕ್ಕೆ ಎದುರಿಗಿರುವವರ ಕಡೆ ತಿರುಗುತ್ತದೆ, ಆಗ ಭಯ ತಾನಾಗೇ ಹಿಂದೆ ಸರಿಯುತ್ತದೆ.

ಈ ವಯಸ್ಸಿನಲ್ಲಿ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸುತ್ತಿರುತ್ತದೆ. ಒಂದು ಮೊಡವೆ ಎದ್ದರೂ ಇಡೀ ಕ್ಲಾಸು ಅದನ್ನೇ ನೋಡುತ್ತಿದೆ ಅನ್ನುವ ಸಂಕಟ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಎಲ್ಕೈಂಡ್ 1967ರಲ್ಲಿ ಇದಕ್ಕೆ 'ಕಾಲ್ಪನಿಕ ಪ್ರೇಕ್ಷಕರು' ಎಂಬ ಹೆಸರು ಕೊಟ್ಟರು. ನನಗೆ ಈ ಹೆಸರು ತುಂಬಾ ಇಷ್ಟ. ತಲೆಯೊಳಗೆ ಕೂತಿರುವ ಆ ಪ್ರೇಕ್ಷಕರು ಬರೀ ತಪ್ಪನ್ನೇ ಹುಡುಕುತ್ತಾರೆ. ಎದುರಿಗೆ ಕುರ್ಚಿಯಲ್ಲಿ ಕೂತವರು ಕತೆ ನೋಡಲು ಬಂದಿರುತ್ತಾರೆ. ಇದನ್ನು ಸುಮ್ನೆ ಬಾಯಲ್ಲಿ ಹೇಳಿದರೆ ಯಾವ ಹುಡುಗಿಯೂ ನಂಬುವುದಿಲ್ಲ, ನಾಲ್ಕು ಜನರ ಮುಂದೆ ಡೈಲಾಗ್ ಮರೆತು, ಜೊತೆಯವಳು ಅದನ್ನು ಎತ್ತಿಕೊಟ್ಟು, ಸೀನ್ ಏನೂ ಆಗದ ಹಾಗೆ ಮುಂದೆ ಹೋದ ಮೇಲೆ ನಂಬುತ್ತಾಳೆ.

ಮೊದಲ ತಿಂಗಳು ನಾನು ಸ್ಕ್ರಿಪ್ಟ್ ಕೊಡುವುದೇ ಇಲ್ಲ. ಎಲ್ಲರೂ ಹಾಲ್ ತುಂಬ ನಡೆಯಬೇಕು, ಯಾರೂ ಹೇಳದೆ ಒಟ್ಟಿಗೆ ನಿಲ್ಲಬೇಕು, ಒಟ್ಟಿಗೆ ಹೊರಡಬೇಕು. ಮೊದಲ ದಿನ ಡಿಕ್ಕಿ, ನಗು, ಗಲಾಟೆ. ಮೂರನೇ ವಾರದ ಹೊತ್ತಿಗೆ ಇಪ್ಪತ್ತು ಜೊತೆ ಕಾಲು ಒಂದೇ ಸಲ ನಿಲ್ಲುತ್ತವೆ. ಆಮೇಲೆ ಎರಡೇ ಮಾತಿನ ಆಟ. ಒಬ್ಬರು "ಬರ್ತೀಯಾ?" ಅನ್ನಬೇಕು, ಇನ್ನೊಬ್ಬರು "ಇಲ್ಲ" ಅನ್ನಬೇಕು. ಸಂದರ್ಭ ಮಾತ್ರ ಬೇರೆ ಬೇರೆ. ಜಗಳ ಆಡಿಕೊಂಡ ಗೆಳತಿಯರು, ಊರು ಬಿಟ್ಟು ಬರಲು ಒಲ್ಲದ ಅಜ್ಜ, ಕೊನೇ ಬಸ್ಸಿನ ಬಾಗಿಲಲ್ಲಿ ನಿಂತ ಅಣ್ಣ. ಒಬ್ಬಳು ಹುಡುಗಿ ಎಲ್ಲದಕ್ಕೂ ಹಾಜರಿ ಹೇಳುವವಳ ಹಾಗೆ ಒಂದೇ ದನಿಯಲ್ಲಿ "ಇಲ್ಲ" ಅನ್ನುತ್ತಿದ್ದಳು. ಒಂದು ದಿನ ಎದುರಿಗಿದ್ದ ಹುಡುಗಿ "ಬರ್ತೀಯಾ?" ಅನ್ನುವಾಗ ಗಂಟಲು ಕಟ್ಟಿತು. ಇವಳು ಅವಳ ಮುಖ ನೋಡಿದಳು. ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಆಮೇಲೆ ತೀರಾ ಮೆಲ್ಲಗೆ "ಇಲ್ಲ" ಅಂದಳು. ದನಿ ಬದಲಿಸು ಅಂತ ಯಾರೂ ಅವಳಿಗೆ ಹೇಳಿರಲಿಲ್ಲ. ಕೇಳಿಸಿಕೊಂಡಿದ್ದಕ್ಕೆ ಬಂದ ದನಿ ಅದು. ಕಮ್ಯುನಿಕೇಶನ್ ಸ್ಕಿಲ್ಸ್ ಅಂತ ನೀವು ಕೇಳಿಕೊಂಡು ಬರುತ್ತೀರಲ್ವಾ, ಅದು ನನ್ನ ಕಣ್ಣ ಮುಂದೆ ಹುಟ್ಟುವುದು ಇಂಥ ಗಳಿಗೆಯಲ್ಲೇ.

ಪಾಂಡವಪುರ ಕಡೆಯ ಒಬ್ಬ ಹುಡುಗ ಇಲ್ಲಿ ಹಾಸ್ಟೆಲ್‌ನಲ್ಲಿದ್ದುಕೊಂಡು ಪಿಯುಸಿ ಓದುತ್ತಿದ್ದ. ಹಳ್ಳಿಗೆ 'ಅಳ್ಳಿ' ಅನ್ನುತ್ತಿದ್ದ, ಹಾಸನಕ್ಕೆ 'ಆಸನ'. ಕಾಲೇಜಿನಲ್ಲಿ ಯಾರೋ ಅಣಕಿಸಿದ್ದರು. ಅವತ್ತಿನಿಂದ 'ಹ' ಇರುವ ಪದ ಬಂದರೆ ಅದನ್ನು ತಪ್ಪಿಸಿ ಬೇರೆ ಪದ ಹುಡುಕುತ್ತಿದ್ದ, ಹುಡುಕುವಷ್ಟರಲ್ಲಿ ಮಾತು ಮುಗಿದಿರುತ್ತಿತ್ತು, ಹಾಗಾಗಿ ಸುಮ್ಮನಿರುವುದೇ ಅಭ್ಯಾಸವಾಯಿತು. ನಾನು ಅವನನ್ನು ತಿದ್ದಲು ಹೋಗಲಿಲ್ಲ. ಆಲೆಮನೆಯ ಒಂದು ಸನ್ನಿವೇಶ ಕೊಟ್ಟು, ನೀನು ಅಪ್ಪ, ನಿಮ್ಮೂರಲ್ಲಿ ಹೇಗೆ ಮಾತಾಡ್ತಾರೋ ಹಾಗೇ ಮಾತಾಡು ಅಂದೆ. ಅವನು ಕಾಣದ ಕೊಪ್ಪರಿಗೆಯ ಮುಂದೆ ನಿಂತ, ಹೊಗೆಗೆ ಕಣ್ಣು ಕಿರಿದು ಮಾಡಿದ, ಎರಡೂ ಕೈಯಲ್ಲಿ ಪಾಕ ತಿರುವುತ್ತಾ ಒಮ್ಮೆಲೇ ಗದರಿದ: "ಬೆಂಕಿ ಕಮ್ಮಿ ಮಾಡ್ಲಾ, ಪಾಕ ಸೀದೋಯ್ತದೆ!" ಮೈಸೂರಿನ ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಆ ಕೋಣೆಯಲ್ಲಿ ಬೆಲ್ಲ ಮಾಡುವುದು ಗೊತ್ತಿದ್ದವನು ಅವನೊಬ್ಬನೇ.

ಎರಡು ಮೂರು ತಿಂಗಳಾದ ಮೇಲೆ ಅವನೇ ಬಂದು, "ಮೇಡಂ, ರಾಜನ ಪಾತ್ರ ಮಾಡಬೇಕು, ಹಕಾರ ಹೇಳಿಕೊಡಿ" ಅಂದ. ಅಂಗೈಯನ್ನು ಬಾಯಿ ಮುಂದೆ ಹಿಡಿದು 'ಅಳ್ಳಿ' ಅಂದರೆ ಗಾಳಿ ತಾಕುವುದಿಲ್ಲ, 'ಹಳ್ಳಿ' ಅಂದರೆ ಬೆಚ್ಚಗೆ ತಾಕುತ್ತದೆ. ಅಷ್ಟೇ ಪಾಠ. ದಿನಾ ಹತ್ತು ನಿಮಿಷ ಮಾಡಿದ. ಈಗ ಅವನಿಗೆ ಎರಡೂ ಭಾಷೆ ಬರುತ್ತದೆ, ಯಾವಾಗ ಯಾವುದು ಬೇಕು ಅನ್ನುವುದನ್ನು ಅವನೇ ತೀರ್ಮಾನಿಸುತ್ತಾನೆ. ಇಂಗ್ಲಿಷ್‌ನಲ್ಲಿ ಮಾತಾಡಿಸಿ ಅಂತ ಒತ್ತಾಯ ಮಾಡುವ ಪೋಷಕರಿಗೆ ನಾನು ಈ ಹುಡುಗನ ಕತೆಯನ್ನೇ ಹೇಳುವುದು.

ದಿನಾ ಮಾಡಿ ಮಾಡಿ ಧೈರ್ಯ ಬರುವುದು ಮಂಡ್ಯ ಸೀಮೆಯವರಿಗೆ ಹೊಸದೇನೂ ಅಲ್ಲ. ಊರಲ್ಲಿ 'ಕುರುಕ್ಷೇತ್ರ' ನಾಟಕ ಕಟ್ಟುವುದನ್ನು ನೋಡಿದವರಿಗೆ ಗೊತ್ತು. ಡ್ರಾಮಾ ಮೇಷ್ಟ್ರು ಹಾರ್ಮೋನಿಯಂ ಮುಂದೆ ಕೂತು ತಿಂಗಳುಗಟ್ಟಲೆ ರಾತ್ರಿ ಹೊತ್ತು ಕಲಿಸುತ್ತಾರೆ. ಕಚೇರಿಯ ಕಿಟಕಿ ಮುಂದೆ ತಡವರಿಸುವ ರೈತ ಬೆಳಗಿನ ಜಾವದವರೆಗೆ ದುರ್ಯೋಧನನಾಗಿ ಹಾಡುತ್ತಾನೆ. ಆ ಧೈರ್ಯ ಬಣ್ಣ ಹಚ್ಚಿದ ರಾತ್ರಿ ಬಂದಿದ್ದಲ್ಲ, ಅಷ್ಟು ದಿನ ತಪ್ಪು ಹಾಡಿ, ತಿದ್ದಿಸಿಕೊಂಡು, ಮತ್ತೆ ಹಾಡಿ ಬಂದಿದ್ದು. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲಿ ಆತ್ಮವಿಶ್ವಾಸದ ಬಗ್ಗೆ ಬರೆಯುವಾಗ ಹೇಳಿದ್ದೂ ಇದನ್ನೇ. ನನ್ನಿಂದ ಆಗುತ್ತದೆ ಅನ್ನುವ ನಂಬಿಕೆಗೆ ಬೇರೆಯವರ ಹುರಿದುಂಬಿಕೆಗಿಂತ ತಾನೇ ಮಾಡಿ ಗೆದ್ದ ಅನುಭವ ಜಾಸ್ತಿ ಬಲ ಕೊಡುತ್ತದೆ. "ನಿನ್ನ ಕೈಲಿ ಆಗುತ್ತೆ" ಅಂತ ನೂರು ಸಲ ಹೇಳುವ ಬದಲು ಅವನ ಕೈಲಿ ಆಗುವಷ್ಟು ಸಣ್ಣ ಕೆಲಸ ಕೊಡಿ, ನಾಳೆ ಅದಕ್ಕಿಂತ ಸ್ವಲ್ಪ ದೊಡ್ಡದು.

ಹುಡುಗರ ವಿಷಯದಲ್ಲಿ ಇನ್ನೊಂದು ಮಾತು. ಹದಿಮೂರು ಹದಿನಾಲ್ಕರಲ್ಲಿ ದನಿ ಒಡೆಯುತ್ತದೆ, ಮಾತಿನ ನಡುವೆ ಕೀಚಲು ಬರುತ್ತದೆ. ಎಷ್ಟೋ ಹುಡುಗರು ಮಾತು ಕಡಿಮೆ ಮಾಡುವುದೇ ಅದಕ್ಕೆ. ಆಗ ಜೋರಾಗಿ ಕಿರುಚಿಸುವ ಪಾತ್ರ ಕೊಡಬಾರದು.

ನಾನು ತಪ್ಪು ಮಾಡಿದ್ದೂ ಇದೆ. ಒಂದು ಶಾಲೆಯಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳನ್ನು, ಬೇಡ ಬೇಡ ಅಂದರೂ, ಒಳ್ಳೆಯದಾಗುತ್ತದೆ ಅಂತ ಮುಖ್ಯ ಪಾತ್ರಕ್ಕೆ ಹಾಕಿದೆ. ಶೋ ಚೆನ್ನಾಗಿಯೇ ಆಯಿತು, ಚಪ್ಪಾಳೆಯೂ ಬಿತ್ತು. ಅವಳು ಮತ್ತೆ ಕ್ಲಾಸಿಗೆ ಬರಲಿಲ್ಲ. ಈಗಲೂ ಆ ಮುಖ ನೆನಪಾಗುತ್ತದೆ. ಅಲ್ಲಿಂದ ಈಚೆಗೆ ಬ್ಯಾಕ್‌ಸ್ಟೇಜನ್ನೂ ಒಂದು ಪಾತ್ರ ಅಂತಲೇ ಹಂಚುತ್ತೇನೆ. ಲೈಟ್ ನೋಡಿಕೊಳ್ಳುವವಳು ಪ್ರತಿಯೊಬ್ಬರ ಮಾತನ್ನೂ ಕೇಳಿಸಿಕೊಳ್ಳಲೇಬೇಕು, ಅವಳು ಒಂದು ಕ್ಯೂ, ಅಂದರೆ ಲೈಟ್ ಬದಲಿಸುವ ಸೂಚನೆ, ಬಿಟ್ಟರೆ ಎಲ್ಲರೂ ಕತ್ತಲಲ್ಲಿ.

ಬೇಸಿಗೆ ಶಿಬಿರಗಳು ಒಳ್ಳೆಯ ಶುರು. ರಂಗನಿರ್ದೇಶಕ ಬಿ.ವಿ. ಕಾರಂತರು 1989ರಲ್ಲಿ ಮೈಸೂರಿನಲ್ಲಿ ಕಟ್ಟಿದ ನಾಟಕ ಸಂಸ್ಥೆ ರಂಗಾಯಣದ ಚಿಣ್ಣರ ಮೇಳಕ್ಕೆ ಹೋಗಿ ಬಂದ ಮಕ್ಕಳು ಮೈಚಳಿ ಬಿಟ್ಟಿರುತ್ತಾರೆ. ಆದರೆ ಹದಿಹರೆಯದವರಿಗೆ ವಾರಕ್ಕೆ ಎರಡು ದಿನವಾದರೂ, ವರ್ಷ ಪೂರ್ತಿ ಸಿಗಬೇಕು. ಹತ್ತನೇ ಕ್ಲಾಸ್ ಬಂತು ಅಂತ ಮೊದಲು ನಿಲ್ಲಿಸುವುದು ನಾಟಕವನ್ನೇ. ಅದು ನನಗೆ ನಿಜಕ್ಕೂ ಬೇಸರದ ವಿಷಯ.

ಸೇರಿಸುವ ಮೊದಲು ಒಂದು ಸಂಜೆ ಬಾಗಿಲ ಹತ್ತಿರ ಕೂತು ನೋಡಿ. ಒಬ್ಬರು ತಪ್ಪು ಮಾಡಿದಾಗ ಮೇಷ್ಟ್ರೂ ಉಳಿದ ಮಕ್ಕಳೂ ಏನು ಮಾಡುತ್ತಾರೆ ಅನ್ನುವುದನ್ನು ಗಮನಿಸಿ. ಸೇರಿಸಿದ ಮೇಲೆ, ಮನೆಗೆ ವಾಪಸ್ ಹೋಗುವ ದಾರಿಯಲ್ಲಿ "ಎಲ್ಲಿ, ಡೈಲಾಗ್ ಹೇಳು ನೋಡೋಣ" ಅನ್ನಬೇಡಿ. "ಇವತ್ತು ಯಾರ ಜೊತೆ ಮಾಡಿದೆ, ಅವರು ಏನು ಮಾಡಿದ್ರು?" ಅಂತ ಕೇಳಿ. ನಮ್ಮ ಪಾಂಡವಪುರದ ಹುಡುಗ ಮೊದಲ ಸಲ ನಿಲ್ಲಿಸದೆ ಹತ್ತು ನಿಮಿಷ ಮಾತಾಡಿದ್ದು ಜೊತೆಗಾರನ ಬಗ್ಗೆ.