ಹಾರ್ಮೋನ್ ತಗೊಳ್ಳದೆ ಹೆಣ್ಣಾಗಿ ಬದುಕೋಕೆ ಆಗುತ್ತಾ ಅಕ್ಕಾ?

ಪ್ರಶ್ನೆ: ಅಕ್ಕಾ, ನನಗೆ 24. ಕುಶಾಲನಗರದವಳು. ಎರಡು ವರ್ಷದಿಂದ ಚೂಡಿದಾರ ಹಾಕಿಕೊಂಡೇ ಕೆಲಸಕ್ಕೆ ಹೋಗ್ತಿದ್ದೇನೆ. ಅಮ್ಮ ಒಪ್ಪಿದ್ದಾರೆ. ಹಿಂದೊಮ್ಮೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು, ಅದಕ್ಕೇ ಡಾಕ್ಟರ್ ಹಾರ್ಮೋನ್ ಬೇಡ ಅಂದರು. ನನಗೂ ಅದರ ಮೇಲೆ ಅಷ್ಟೇನೂ ಆಸೆಯಿಲ್ಲ. ಆದರೆ ಬೆಂಗಳೂರಿನ ಗೆಳತಿಯರು "ಹಾರ್ಮೋನ್ ಇಲ್ಲದೆ ನೀನೆಂಥ ಟ್ರಾನ್ಸ್?" ಅಂತ ನಗ್ತಾರೆ. ನಾನು ಹೀಗೇ ಇರಬಹುದಾ?

ಇರಬಹುದು ತಂಗಿ. ಸುಂಟಿಕೊಪ್ಪದ ಹತ್ತಿರ ನನ್ನದೊಂದು ಪುಟ್ಟ ಟೈಲರಿಂಗ್ ಅಂಗಡಿ ಇದೆ. ಹದಿನಾರು ವರ್ಷದಿಂದ ಸೀರೆಯುಟ್ಟೇ ಮೆಷಿನ್ ತುಳಿಯುತ್ತಿದ್ದೇನೆ. ಒಂದೇ ಒಂದು ಹಾರ್ಮೋನ್ ಮಾತ್ರೆ ನುಂಗಿಲ್ಲ. ನನ್ನ ಕಾರಣ ನಿನ್ನಷ್ಟು ಗಟ್ಟಿಯದಲ್ಲ. ಮೊದಲು ದುಡ್ಡಿರಲಿಲ್ಲ, ದುಡ್ಡು ಬಂದಾಗ ಬೇಕು ಅನ್ನಿಸಲಿಲ್ಲ.

"ನೀನೆಂಥ ಟ್ರಾನ್ಸ್" ಅನ್ನುವ ಮಾತೇ ನಿನಗೆ ಚುಚ್ಚಿರುವುದು, ಅಲ್ವಾ? ಅದನ್ನೇ ಮೊದಲು ನೋಡೋಣ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ನಾಲ್ಸಾ ತೀರ್ಪು ಕೊಟ್ಟಿತು. ತಾನು ಗಂಡೋ ಹೆಣ್ಣೋ ಅಂತ ಹೇಳಿಕೊಳ್ಳುವ ಹಕ್ಕು ಆಯಾ ವ್ಯಕ್ತಿಯದು, ಅದಕ್ಕೆ ಆಪರೇಷನ್ ಮಾಡಿಸಿಕೊಂಡು ಬಾ ಅನ್ನುವುದು ಕಾನೂನಿಗೆ ವಿರುದ್ಧ ಅಂತ ಅದರಲ್ಲಿದೆ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ 2019ರ ಕಾಯ್ದೆ ಬರೆಯುವಾಗಲೂ ಟ್ರಾನ್ಸ್ ಮಹಿಳೆ ಅನ್ನುವ ಪದದ ಜೊತೆಗೇ "ಆಪರೇಷನ್, ಹಾರ್ಮೋನ್, ಲೇಸರ್ ಆಗಿರಲಿ, ಆಗದಿರಲಿ" ಅನ್ನುವ ಅರ್ಥದ ಮಾತು ಸೇರಿಸಿದರು. ಇನ್ನು ಡಾಕ್ಟರುಗಳ ಮಾತು. ಈ ವಿಷಯದಲ್ಲಿ ಡಬ್ಲ್ಯೂಪಾತ್ ಅನ್ನುವ ಅಂತರರಾಷ್ಟ್ರೀಯ ಸಂಘದ ಮಾರ್ಗಸೂಚಿಯನ್ನು ನೋಡುತ್ತಾರೆ. 2022ರಲ್ಲಿ ಅದರ ಎಂಟನೇ ಆವೃತ್ತಿ ಬಂತು. ಎಲ್ಲರಿಗೂ ಒಂದೇ ದಾರಿ ಇಲ್ಲ, ಹಾರ್ಮೋನಾಗಲಿ ಆಪರೇಷನ್ನಾಗಲಿ ಬೇಡದವರೂ ಇರುತ್ತಾರೆ ಅಂತ ಅದೂ ಒಪ್ಪುತ್ತದೆ.

ಅಷ್ಟು ದೂರ ಯಾಕೆ, ನಮ್ಮವರು ಗುಂಪಾಗಿ ಒಟ್ಟಿಗಿರುವ ಹಮಾಮ್‌ಗಳಲ್ಲೇ ನೋಡು. ಆಪರೇಷನ್ ಆದವರನ್ನು ನಿರ್ವಾಣ ಅಂತಾರೆ, ಆಗದವರನ್ನು ಅಕ್ವಾ ಅಂತಾರೆ. ಆಗದವರಿಗೂ ಒಂದು ಹೆಸರಿದೆ ಅಂದಮೇಲೆ ಅವರಿಗೂ ಅಲ್ಲಿ ಜಾಗ ಇದೆ ಅಂತ ತಾನೇ? ಸವದತ್ತಿ ಎಲ್ಲಮ್ಮನ ಜೋಗಪ್ಪಂದಿರು ಮುತ್ತು ಕಟ್ಟಿಸಿಕೊಂಡು ಸೀರೆ ಉಡುತ್ತಾರೆ, ಅಲ್ಲಿ ಆಪರೇಷನ್ ಅನ್ನುವ ಕಟ್ಟಳೆಯೇ ಇಲ್ಲ. ಈಸ್ಟ್ರೋಜನ್ ಮಾತ್ರೆಗೆ ಇನ್ನೂ ನೂರು ವರ್ಷ ಕೂಡ ಆಗಿಲ್ಲ. ಅದಕ್ಕೂ ಮೊದಲಿನಿಂದಲೇ ನಮ್ಮಂಥವರು ಇದ್ದೇವಲ್ಲ.

ಈಗ ಕೆಲಸದ ಮಾತು. ಹಾರ್ಮೋನ್ ಎಲ್ಲವನ್ನೂ ಮಾಡಿಕೊಡುತ್ತೆ ಅಂತ ಜನ ಅಂದುಕೊಂಡಿದ್ದಾರೆ. ಎದೆ ಬೆಳೆಯುತ್ತೆ, ಚರ್ಮ ಮೆತ್ತಗಾಗುತ್ತೆ, ಮೈಯ ಕೊಬ್ಬು ಸೊಂಟದ ಕಡೆ ಸರಿಯುತ್ತೆ, ಅದೆಲ್ಲ ನಿಜ. ಆದರೆ ಒಮ್ಮೆ ಒಡೆದ ಗಂಟಲು ಈಸ್ಟ್ರೋಜನ್‌ನಿಂದ ತೆಳ್ಳಗಾಗುವುದಿಲ್ಲ. ಬಂದ ಗಡ್ಡ ಹೋಗುವುದಿಲ್ಲ. ದಾರಿಯಲ್ಲಿ ಜನ ತಿರುಗಿ ನೋಡುವುದು ಈ ಎರಡಕ್ಕೇ ಜಾಸ್ತಿ! ಅಂದರೆ ಹಾರ್ಮೋನ್ ತಗೊಂಡ ನಿನ್ನ ಗೆಳತಿಯರೂ ಗಡ್ಡಕ್ಕೆ ಲೇಸರ್, ಧ್ವನಿಗೆ ಅಭ್ಯಾಸ ಅಂತ ಓಡಾಡಲೇಬೇಕು. ಅದನ್ನು ಅವರು ಹೇಳಿರಲ್ಲ.

ಲೇಸರ್‌ಗೆ ಆರೆಂಟು ಸಲವಾದರೂ ಹೋಗಬೇಕು, ಒಂದೊಂದರ ನಡುವೆ ನಾಲ್ಕರಿಂದ ಆರು ವಾರ ಬಿಡಬೇಕು. ಕಪ್ಪು ಕೂದಲಿಗೆ ಮಾತ್ರ ಅದು ಕೆಲಸ ಮಾಡುತ್ತೆ, ನರೆತ ಕೂದಲಿಗೆ ಇಲ್ಲ. ನಿನಗಿನ್ನೂ 24, ಈಗಲೇ ಮಾಡಿಸಿಕೋ. ನಾನು ತಡ ಮಾಡಿದೆ, ಗಲ್ಲದ ಬಿಳಿ ಕೂದಲು ಹಾಗೇ ಉಳಿದವು. ಹಾರ್ಮೋನ್ ಇಲ್ಲದವರಿಗೆ ಆಮೇಲೂ ಆಗಾಗ ಒಂದೆರಡು ಸಲ ಬೇಕಾಗಬಹುದು. ಅಲ್ಲಿಯವರೆಗೆ ಕ್ಷೌರದ ನೀಲಿ ಛಾಯೆ ಮುಚ್ಚೋಕೆ ಕಿತ್ತಳೆ ಬಣ್ಣದ ಲಿಪ್‌ಸ್ಟಿಕ್ ತೆಳುವಾಗಿ ತಟ್ಟಿ, ಅದರ ಮೇಲೆ ಫೌಂಡೇಶನ್ ಹಚ್ಚು. ಕಕ್ಕಡದ ಮಳೆಯಲ್ಲಿ ಅದೂ ನಿಲ್ಲಲ್ಲ, ದೊಡ್ಡ ಕೊಡೆ ಇಟ್ಟುಕೋ. ಧ್ವನಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ. ಕುಶಾಲನಗರದಿಂದ ಬೆಳಿಗ್ಗೆ ಹೊರಟರೆ ಸಂಜೆಗೆ ಮನೆ.

ಎದೆಯ ವಿಷಯ ನನ್ನ ಕಸುಬಿಗೆ ಸೇರಿದ್ದು, ಸ್ವಲ್ಪ ಉದ್ದ ಹೇಳುತ್ತೇನೆ. ಶುರುವಿನಲ್ಲಿ ಬಟ್ಟೆ ಚೀಲಕ್ಕೆ ರಾಗಿ ತುಂಬಿ ಬ್ಲೌಸ್ ಒಳಗೆ ಇಟ್ಟುಕೊಳ್ಳುತ್ತಿದ್ದೆ. ತೂಕ ಸರಿಯಾಗಿ ಕೂರುತ್ತಿತ್ತು, ನಡೆದರೆ ಸಹಜವಾಗಿ ಅಲುಗಾಡುತ್ತಿತ್ತು. ಒಂದು ಜುಲೈಯಲ್ಲಿ ತೋಟದ ದಾರಿಯಲ್ಲಿ ನೆನೆದು ಬಂದೆ, ಒಲೆಯ ಹತ್ತಿರ ಒಣಹಾಕಿ ಮರೆತೆ. ಮೂರನೇ ದಿನ ನೋಡಿದರೆ ಮೊಳಕೆ ಬಂದಿದೆ! ಅಮ್ಮ ಅದನ್ನು ಕೋಳಿಗೆ ಹಾಕಿದರು. ಈಗ ಸ್ಪಂಜಿನ ಕಪ್ ತಂದು ಲೈನಿಂಗ್ ಜೊತೆಗೇ ಹೊಲಿದುಬಿಡುತ್ತೇನೆ, ಜಾರುವ ಮಾತೇ ಇಲ್ಲ. ಭುಜ ಅಗಲ ಇದ್ದರೆ ಬೋಟ್ ನೆಕ್, ಪಫ್ ತೋಳು ಎರಡೂ ಬೇಡ. ವಿ ನೆಕ್ ಇರಲಿ, ತೋಳು ಮೊಣಕೈವರೆಗೆ ಬರಲಿ. ಟಕ್ಸ್ ಎರಡರ ಬದಲು ಮೂರು ಹಿಡಿದರೆ ಎದೆ ತುಂಬಿದ ಹಾಗೆ ಕಾಣುತ್ತೆ. ಕೊಡವರ ಸೀರೆ ಉಡುವ ರೀತಿಯಂತೂ ನಮ್ಮಂಥವರಿಗೆಂದೇ ಮಾಡಿದ ಹಾಗಿದೆ. ನೆರಿಗೆ ಹಿಂದಕ್ಕೆ, ಸೆರಗು ಎದೆ ಪೂರ್ತಿ ಸುತ್ತಿ ಬಲ ಭುಜಕ್ಕೆ ಪಿನ್. ಚಪ್ಪಟೆಯೋ ದಪ್ಪವೋ, ಕಂಡವರಾರು?

ಹಾಗಂತ ಎಲ್ಲ ಸಲೀಸು ಅಂತ ಹೇಳಲಾರೆ. ಮೈಯೊಳಗಿನ ಟೆಸ್ಟೋಸ್ಟೆರಾನ್ ತನ್ನ ಕೆಲಸ ಬಿಡುವುದಿಲ್ಲ. ನಲವತ್ತು ದಾಟುವಷ್ಟರಲ್ಲಿ ನನ್ನ ಹಣೆಯ ಕೂದಲು ಎರಡು ಬೆರಳು ಹಿಂದೆ ಸರಿಯಿತು. ಕನ್ನಡಿ ಮುಂದೆ ಅತ್ತ ದಿನವೂ ಇದೆ. ಹಾರ್ಮೋನ್ ಸಿಗದಿದ್ದರೆ ಬದುಕೇ ಬೇಡ ಅನ್ನುವಷ್ಟು ಸಂಕಟ ಪಡುವವರನ್ನೂ ನೋಡಿದ್ದೇನೆ, ಅವರಿಗೆ ಅದು ನಿಜವಾದ ಮದ್ದು. ನಾಳೆ ನಿನಗೂ ಹಾಗೆ ಅನ್ನಿಸಿದರೆ "ಅಕ್ಕ ಇಲ್ಲದೆ ಇದ್ದಾಳಲ್ಲ" ಅಂತ ಸಹಿಸಿಕೊಂಡು ಕೂರಬೇಡ. ನುಂಗುವ ಮಾತ್ರೆಗಿಂತ ಚರ್ಮಕ್ಕೆ ಹಚ್ಚುವ ಜೆಲ್, ಪ್ಯಾಚ್‌ನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಕಡಿಮೆ. ನಿನಗೆ ಅದಾದರೂ ಆಗುತ್ತದೋ ಇಲ್ಲವೋ ಅಂತ ಎಂಡೋಕ್ರೈನಾಲಜಿಸ್ಟ್ ಹತ್ತಿರ ಕೇಳಬಹುದು.

ಗೆಳತಿಯರ ಮಾತು ಕೇಳಿ ಮೆಡಿಕಲ್ ಶಾಪ್‌ನಿಂದ ಮಕ್ಕಳಾಗದ ಮಾತ್ರೆ ತಂದು ಮಾತ್ರ ನುಂಗಬೇಡ. ಅದರಲ್ಲಿರುವ ಈಸ್ಟ್ರೋಜನ್ ಹೆಪ್ಪುಗಟ್ಟುವ ಕಾಯಿಲೆಯವರಿಗೆ ತುಂಬಾ ಅಪಾಯ, ಕಾಲಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋದರೆ ಜೀವವೇ ಹೋಗಬಹುದು. ಇನ್ನೊಂದು ಮಾತು. ಹಾರ್ಮೋನ್ ಇಲ್ಲದೆ ಇರಬಹುದು ಅಂದೆನಲ್ಲ, ಅದು ಬೀಜ ತೆಗೆಸದವರ ಮಾತು. ನಿರ್ವಾಣವಾದ ಮೇಲೆ ಮೈಯಲ್ಲಿ ಆ ಹಾರ್ಮೋನೂ ಇಲ್ಲ, ಈ ಹಾರ್ಮೋನೂ ಇಲ್ಲ ಅಂದರೆ ಮೂಳೆ ಸವೆಯುತ್ತೆ. ಆಪರೇಷನ್ ಯೋಚನೆ ಬಂದರೆ ಇದನ್ನು ಮೊದಲೇ ಮಾತಾಡಿಕೊಳ್ಳಬೇಕು.

ಟ್ರಾನ್ಸ್‌ಜೆಂಡರ್ ಗುರುತಿನ ಚೀಟಿಗೆ ಅರ್ಜಿ ಆನ್‌ಲೈನ್‌ನಲ್ಲಿ, ಕೊಡುವವರು ಮಡಿಕೇರಿಯಲ್ಲಿ ಕೂತ ಜಿಲ್ಲಾಧಿಕಾರಿ. 2020ರ ನಿಯಮ ಬಂದಾಗ ಅಫಿಡವಿಟ್ ಸಾಕು, ಮೈ ಪರೀಕ್ಷೆ ಬೇಡ ಅಂತಿತ್ತು. ಚಿಕಿತ್ಸೆಯಾದ ಬಗ್ಗೆ ಆಸ್ಪತ್ರೆ ಕಾಗದ ಬೇಕಿದ್ದದ್ದು ಚೀಟಿಯಲ್ಲಿ "ಮಹಿಳೆ" ಅಂತಲೇ ಬರೆಸಲು. ನಿಯಮ ಬದಲಾಗುತ್ತಿರುತ್ತೆ, ಅರ್ಜಿ ಹಾಕುವ ದಿನ ಯಾವುದು ಜಾರಿಯಲ್ಲಿದೆ ಅಂತ ಕೇಳಿಕೊಂಡೇ ಹಾಕು.

ಊರಿನವರ ವಿಷಯ ನಿನಗೇ ಗೊತ್ತು. ಮೇ ತಿಂಗಳಲ್ಲಿ ದೇವರಪುರದ ಕುಂಡೆ ಹಬ್ಬಕ್ಕೆ ಗಂಡಸರು ಹೆಣ್ಣುವೇಷ ಹಾಕಿ ಬೈದು ಕುಣಿದರೆ ಎಲ್ಲರಿಗೂ ಖುಷಿ. ಮಾರನೇ ದಿನವೂ ನಾವು ಅದೇ ಸೀರೆಯಲ್ಲಿ ಹಾಲು ತರೋಕೆ ಹೋದರೆ ಮುಖ ಗಂಟು. ಆದರೂ ಎಲ್ಲರೂ ಹಾಗಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ಮೊದಲ ಸಲ ಸರ್ಕಾರಿ ಬಸ್ ಹತ್ತಿ ಆಧಾರ್ ಚಾಚಿದೆ. ಯೋಜನೆಯಲ್ಲಿ ನಾವೂ ಇದ್ದೇವೆ ಅಂತ ಹೇಳೋಕೆ ಬಾಯಲ್ಲಿ ಮಾತು ಸಿದ್ಧ ಮಾಡಿಕೊಂಡಿದ್ದೆ. ಕಂಡಕ್ಟರ್ ಆಧಾರ್ ನೋಡಿದರು, ನನ್ನ ಗಲ್ಲ ನೋಡಿದರು, "ಎಲ್ಲಿಗಮ್ಮಾ?" ಅಂದರು. ಶೂನ್ಯ ಟಿಕೆಟ್ ಹರಿದು ಕೊಟ್ಟು ಹಿಂದಿನ ಸೀಟಿಗೆ ಹೋದರು. ಸಿದ್ಧ ಮಾಡಿಕೊಂಡ ಮಾತೆಲ್ಲ ಹಾಗೇ ಉಳಿಯಿತು.

ದಸರೆಗೆ ಮೊದಲು ಒಮ್ಮೆ ಅಂಗಡಿಗೆ ಬಾ, ಆಮೇಲೆ ಬ್ಲೌಸಿನ ರಾಶಿ ಬಿದ್ದಿರುತ್ತೆ. ಅಳತೆ ತಗೊಂಡು ಕಪ್ ಹಾಕಿ ಹೊಲಿದುಕೊಡ್ತೀನಿ. ಬಟ್ಟೆ, ಲೈನಿಂಗ್ ನೀನು ತಾ. ರಾಗಿ ಮಾತ್ರ ಬೇಡ.