ಹಾಡು ಕಲಿಸಿದವರು ಹಾಡು ಕೇಳಿದ್ದರೇ?

ಹಾಡು ಹಾಕಿದರೆ ಅದು ಜಾಝೋ, ರಾಕೋ ಎಂದು ಕಂಪ್ಯೂಟರ್ ಹೇಳಬಲ್ಲದೇ? ಈ ಒಂದು ಪ್ರಶ್ನೆ ಹಿಡಿದು ಪಿಎಚ್‌ಡಿ ಮುಗಿಸಿದವರು ಬೇಕಾದಷ್ಟು ಜನ. ಉತ್ತರ ಮಾತ್ರ ಇನ್ನೂ ಗೋಜಲು.

1952ರಲ್ಲಿ ಅಮೆರಿಕದ ಪ್ರಯೋಗಾಲಯ ಬೆಲ್ ಲ್ಯಾಬ್ಸ್‌ನ 'ಆಡ್ರಿ' ಯಂತ್ರ ಬಾಯಲ್ಲಿ ಹೇಳಿದ ಅಂಕಿಗಳನ್ನು ಗುರುತಿಸಿತು. ಆಮೇಲಿನ ಐವತ್ತು ವರ್ಷ ಈ ಸಂಶೋಧನೆಯಲ್ಲಿ ಹೆಚ್ಚುಕಡಿಮೆ ಮಾತಿನದ್ದೇ ಕಾರುಬಾರು, ಸಂಗೀತದ್ದಲ್ಲ.

2002ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜಾರ್ಜ್ ಜಾನೆಟಾಕಿಸ್ ಮತ್ತು ಪೆರಿ ಕುಕ್ ಒಂದು ಸಂಶೋಧನಾ ಪೇಪರ್ ಬರೆದರು. 10 ಬಗೆಯ ಸಂಗೀತ, ಬಗೆಗೆ 100ರಂತೆ 30 ಸೆಕೆಂಡಿನ ತುಣುಕುಗಳು. ಅವರ ಪ್ರೋಗ್ರಾಂ ಶೇ. 61ರಷ್ಟು ಸರಿ ಹೇಳಿತು. ಆ ಸಾವಿರ ತುಣುಕನ್ನು ಬೇಕೆಂದವರಿಗೆಲ್ಲ ಕೊಟ್ಟರು. ಕಾಪಿರೈಟ್ ಭಯದಲ್ಲಿ ಹೆಚ್ಚಿನವರು ಹಾಡು ಹಂಚದ ಕಾಲ ಅದು. 'ಜಿಟಿಝಾನ್' ಎಂಬ ಹೆಸರಲ್ಲಿ ಅದೇ ಎಲ್ಲರ ಪ್ರೋಗ್ರಾಂಗಳಿಗೂ ಪರೀಕ್ಷೆಯಾಯಿತು. ಅಂಕ 70 ದಾಟಿತು, 80 ದಾಟಿತು, ಕೆಲವರದ್ದು 90ನ್ನೂ ದಾಟಿತು. ಎರಡು ಅಂಕ ಏರಿದರೆ ಒಂದು ಪೇಪರ್. ಪೇಪರ್ ಇದ್ದರೆ ತಾನೇ ಕೆಲಸ?

ಸಾವಿರ ತುಣುಕನ್ನು ಕೂತು ಕೇಳಲು 8 ಗಂಟೆ 20 ನಿಮಿಷ ಸಾಕು. ಆದರೆ ಕೇಳಿದ್ದಕ್ಕೆ ಯಾರೂ ಅಂಕ ಕೊಡುವುದಿಲ್ಲ, ಅಲ್ವಾ? ಜಿಟಿಝಾನಿನ ತಪ್ಪುಗಳ ಪೂರ್ತಿ ಪಟ್ಟಿ ಬಂದದ್ದು 2012ರಲ್ಲಿ, ಬಾಬ್ ಸ್ಟರ್ಮ್ ಎಂಬ ಸಂಶೋಧಕರಿಂದ. ಅಷ್ಟರಲ್ಲಿ ನೂರಕ್ಕೂ ಜಾಸ್ತಿ ಪೇಪರ್‌ಗಳು ಅದನ್ನು ಬಳಸಿದ್ದವು. ಕೆಲವು ತುಣುಕುಗಳು ಎರಡೆರಡು ಸಲ ಇದ್ದವು. ಕೆಲವಕ್ಕೆ ಹಚ್ಚಿದ ಬಗೆಯ ಹೆಸರೇ ತಪ್ಪು. ಜಮೈಕಾದ ಸಂಗೀತ ರೆಗ್ಗೆಯ ನೂರು ತುಣುಕುಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಬಾಬ್ ಮಾರ್ಲಿ ಎಂಬ ಒಬ್ಬ ಗಾಯಕನದೇ. ಹಾಗಾದರೆ ಯಂತ್ರ ಕಲಿತದ್ದು ರೆಗ್ಗೆಯನ್ನೋ, ಮಾರ್ಲಿಯ ಗಂಟಲನ್ನೋ?

ಇಂಥ ಪ್ರೋಗ್ರಾಂಗಳನ್ನು ಸ್ಟರ್ಮ್ 'ಕುದುರೆ' ಎಂದು ಕರೆದರು. ನೂರು ವರ್ಷಕ್ಕೂ ಹಿಂದೆ ಜರ್ಮನಿಯಲ್ಲಿ ಹಾನ್ಸ್ ಎಂಬ ಕುದುರೆ ಲೆಕ್ಕ ಮಾಡುತ್ತದೆ ಎಂದು ಜನ ನಂಬಿದ್ದರು. ಅದು ನೋಡುತ್ತಿದ್ದದ್ದು ಪ್ರಶ್ನೆ ಕೇಳಿದವರ ತಲೆ, ಮೈಯ ಸಣ್ಣ ಚಲನೆಗಳನ್ನು, ಅಷ್ಟೇ. 2016ರಲ್ಲಿ ಸ್ಟರ್ಮ್ ಮತ್ತು ಜೊತೆಗಾರರು ಒಳ್ಳೆ ಅಂಕದ ಒಂದು ಪ್ರೋಗ್ರಾಂ ಹಿಡಿದು, ತುಣುಕುಗಳಿಂದ 20 ಹರ್ಟ್ಸ್‌ಗಿಂತ (ಸೆಕೆಂಡಿಗೆ 20 ಕಂಪನ) ಕೆಳಗಿನ ಸದ್ದನ್ನು ತೆಗೆದರು. ಮನುಷ್ಯರ ಕಿವಿಗೆ ಅದು ಬೀಳುವುದೇ ಇಲ್ಲ. ಪ್ರೋಗ್ರಾಂನ ಅಂಕ ಮಾತ್ರ ಬಿತ್ತು.

2017ರಲ್ಲಿ ಗೂಗಲ್ 'ಆಡಿಯೋಸೆಟ್' ಎಂಬ ಸದ್ದುಗಳ ಸಂಗ್ರಹ ಬಿಟ್ಟಿತು. ಅದರಲ್ಲಿ 10 ಸೆಕೆಂಡಿನ 20 ಲಕ್ಷಕ್ಕೂ ಹೆಚ್ಚು ಯೂಟ್ಯೂಬ್ ತುಣುಕುಗಳಿವೆ. ಇವನ್ನೆಲ್ಲ ಒಬ್ಬರೇ ಕೂತು ಕೇಳುವುದಾದರೆ ಹಗಲು ರಾತ್ರಿ ಸುಮಾರು ಎಂಟು ತಿಂಗಳು ಬೇಕು. ಸಾಲದ್ದಕ್ಕೆ ಕೊಟ್ಟದ್ದು ಸದ್ದನ್ನಲ್ಲ, ವಿಡಿಯೋ ಕೊಂಡಿಗಳನ್ನು. ವಿಡಿಯೋ ಅಳಿಸಿದರೆ ತುಣುಕೂ ಹೋಯಿತು. ಹಾಗಾಗಿ ಹೊಸದಾಗಿ ಕಲಿಯುವ ಹುಡುಗ ಹುಡುಗಿಯರು ಈಗಲೂ ಮೊದಲು ಇಳಿಸಿಕೊಳ್ಳುವುದು ಜಿಟಿಝಾನನ್ನೇ. ಸುಮಾರು 1.2 ಜಿಬಿ. ಲ್ಯಾಪ್‌ಟಾಪಿನಲ್ಲಿ ಆರಾಮಾಗಿ ಹಿಡಿಸುತ್ತದೆ.