ಪದ ಪರಿಚಯ: ಮೊರ್ರೊ

ಸ್ಪ್ಯಾನಿಷ್ ಭಾಷೆಯಲ್ಲಿ ‘ಮೊರ್ರೊ’ ಎಂದರೆ ಪ್ರಾಣಿಯ ಮೂತಿ. ಕಡಲಿನತ್ತ ಮೂತಿ ಚಾಚಿ ನಿಂತ ಬಂಡೆಗುಡ್ಡಕ್ಕೂ ಅದೇ ಹೆಸರು. ಕನ್ನಡದಲ್ಲಿ ಇಂಥ ನೆಲವನ್ನು ಭೂಶಿರ ಎನ್ನುತ್ತೇವೆ. ನಮಗೆ ಅದು ತಲೆ, ಅವರಿಗೆ ಮೂತಿ. ಕೆರಿಬಿಯನ್ ದ್ವೀಪಗಳಲ್ಲಿ ಬಂದರಿನ ಬಾಯಿ ಕಾಯಲು ಸ್ಪೇನಿನವರು ಇಂಥ ಗುಡ್ಡಗಳ ಮೇಲೆ ಕೋಟೆ ಕಟ್ಟಿದ್ದರಿಂದ ಗುಡ್ಡದ ಹೆಸರು ಕೋಟೆಗೇ ಅಂಟಿಕೊಂಡಿತು. ಕ್ಯೂಬಾದ ಹವಾನಾದಲ್ಲಿ ಒಂದು ಮೊರ್ರೊ ಇದೆ, ಸಾಂತಿಯಾಗೊದಲ್ಲಿ ಇನ್ನೊಂದು. ಪೋರ್ಟೊ ರಿಕೊದ ರಾಜಧಾನಿ ಸಾನ್ ಹ್ವಾನ್‌ನಲ್ಲಿರುವುದು ‘ಸಾನ್ ಫೆಲಿಪೆ ದೆಲ್ ಮೊರ್ರೊ’, ಅಂದರೆ ಮೊರ್ರೊ ಗುಡ್ಡದ ಸಂತ ಫೆಲಿಪೆ ಕೋಟೆ.

1539ರಲ್ಲಿ ಆರಂಭವಾದ ಈ ಕೋಟೆಯ ಕೆಲಸ ಎರಡು ಶತಮಾನಗಳಿಗೂ ಮೀರಿ ನಡೆಯಿತು. ಬಂಡೆಯ ಇಳಿಜಾರನ್ನೇ ಅನುಸರಿಸಿ ಆರು ಹಂತಗಳಲ್ಲಿ ಏರುವ ಇದರ ಗೋಡೆಗಳು ಕಡಲಮಟ್ಟದಿಂದ ಸುಮಾರು 140 ಅಡಿ ಎತ್ತರ ತಲುಪುತ್ತವೆ. ಗೋಡೆಯ ಮೂಲೆಗಳಲ್ಲಿ ಹೊರಚಾಚಿದ, ಗುಮ್ಮಟ ಹೊತ್ತ ಪುಟ್ಟ ಕಾವಲುಗೂಡುಗಳಿಗೆ ‘ಗರಿತಾ’ ಎಂದು ಹೆಸರು. ಕಿರಿದಾದ ಕಿಂಡಿಗಳಿಂದ ಕಾವಲುಗಾರ ಕಡಲನ್ನು ನೋಡುತ್ತ ನಿಲ್ಲುತ್ತಿದ್ದ.

ಆದರೆ ಪದವೇ ಹೇಳುವಂತೆ ಮೂತಿ ಇದ್ದದ್ದು ಕಡಲಿಗೆ. ಬೆನ್ನು ಮಾತ್ರ ಬಯಲಾಗಿತ್ತು. ಈ ಕೋಟೆಯ ಚರಿತ್ರೆಯನ್ನು ಅರ್ಥಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಕೀಲಿಕೈ ನನಗೆ ಕಂಡಿಲ್ಲ. 1595ರಲ್ಲಿ ಹಡಗುಗಳೊಂದಿಗೆ ಬಂದ ಇಂಗ್ಲೆಂಡಿನ ಫ್ರಾನ್ಸಿಸ್ ಡ್ರೇಕ್ ಸೋತು ಹಿಂದಿರುಗಿದ. ಮೂರೇ ವರ್ಷಗಳ ನಂತರ ಕಂಬರ್‌ಲ್ಯಾಂಡಿನ ಅರ್ಲ್ ಜಾರ್ಜ್ ಕ್ಲಿಫರ್ಡ್ ಪೂರ್ವದಲ್ಲಿ ಸೈನಿಕರನ್ನು ಇಳಿಸಿ, ನೆಲದ ಕಡೆಯಿಂದ ಬಂದು ಕೋಟೆಯನ್ನು ವಶಪಡಿಸಿಕೊಂಡ. ಅವನನ್ನು ಅಲ್ಲಿಂದ ಹೊರಡಿಸಿದ್ದು ತೋಪುಗಳಲ್ಲ, ಅವನ ಸೇನೆಯಲ್ಲಿ ಹಬ್ಬಿದ ರಕ್ತಭೇದಿ. 1625ರಲ್ಲಿ ಡಚ್ಚರು ತೋಪುಗಳೆದುರೇ ಬಂದರನ್ನು ಹೊಕ್ಕು ಪಟ್ಟಣ ಹಿಡಿದರು. ಗವರ್ನರ್ ಹ್ವಾನ್ ದೆ ಆರೊ ಕೋಟೆಯನ್ನು ಬಿಟ್ಟುಕೊಡಲಿಲ್ಲ, ಆದರೆ ಡಚ್ಚರು ಹೋಗುವಾಗ ಪಟ್ಟಣಕ್ಕೆ ಬೆಂಕಿ ಹಚ್ಚಿದರು.

1762ರಲ್ಲಿ ಹವಾನಾದ ಮೊರ್ರೊ ಕೂಡ ನೆಲದ ಕಡೆಯ ಮುತ್ತಿಗೆಯಲ್ಲೇ ಬ್ರಿಟಿಷರ ಪಾಲಾಯಿತು. ಆಗ ಸ್ಪೇನ್ ಎಚ್ಚೆತ್ತು ಸಾನ್ ಹ್ವಾನ್‌ನ ಪೂರ್ವಭಾಗದಲ್ಲಿ ಸಾನ್ ಕ್ರಿಸ್ತೊಬಾಲ್ ಕೋಟೆಯನ್ನು ವಿಸ್ತರಿಸಿ 1783ರಲ್ಲಿ ಮುಗಿಸಿತು. 1797ರಲ್ಲಿ ಅದೇ ದಿಕ್ಕಿನಿಂದ ಬಂದ ಬ್ರಿಟಿಷ್ ಸೇನಾನಿ ಅಬರ್‌ಕ್ರೋಂಬಿ ಬರಿಗೈಯಲ್ಲಿ ಮರಳಬೇಕಾಯಿತು.

1898ರ ಸ್ಪೇನ್-ಅಮೆರಿಕ ಯುದ್ಧದ ನಂತರ ದ್ವೀಪ ಅಮೆರಿಕದ ವಶವಾಯಿತು. 1983ರಲ್ಲಿ ಕೋಟೆ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿ ಸೇರಿತು. ವೈರಿಗೆ ಅಡಗಲು ಮರೆ ಸಿಗದಿರಲೆಂದು ಮೊರ್ರೊದ ಬೆನ್ನಿಗೆ ಬರಿದಾಗಿ ಬಿಟ್ಟಿದ್ದ ಬಯಲು ಈಗ ಹುಲ್ಲುಗಾವಲಾಗಿದೆ. ಕಡಲಗಾಳಿಗೆ ಅಲ್ಲಿ ಮಕ್ಕಳು ಗಾಳಿಪಟ ಹಾರಿಸುತ್ತಾರೆ.